ಒಂದು ಬೇಸಿಗೆಯಲ್ಲಿ ಎರಡು ಕನ್ನಡಕ, ಎರಡೂ ಹೊಂದುತ್ತಿಲ್ಲ: ನನ್ನ ಕಣ್ಣಿಗೆ ಏನಾಗಿದೆ?

ಪ್ರಶ್ನೆ: ನನಗೆ 47 ವರ್ಷ. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ಕೆಲಸ, ನಾನೂ ಗೂಡು ಹಾಕುವ ಬಿಸಿನೀರಿನ ಬೇಸಿನ್ ಮುಂದೆ ಕೂರುತ್ತೇನೆ. ಹತ್ತಿರದ್ದು ನೋಡೋಕೆ ಮೂರ್ನಾಲ್ಕು ವರ್ಷದಿಂದ ಚಾಳೀಸು ಇದೆ. ಯುಗಾದಿ ಹೊತ್ತಿಗೆ ಇದ್ದಕ್ಕಿದ್ದಂತೆ ದೂರದ್ದೆಲ್ಲ ಮಂಜಾಯಿತು. ಬಸ್ಸಿನ ಬೋರ್ಡ್ ಕಾಣಲ್ಲ, ಟಿವಿಯಲ್ಲಿ ಬರೋ ಅಕ್ಷರ ಕಾಣಲ್ಲ. ವಿಚಿತ್ರ ಅಂದ್ರೆ ಹತ್ತಿರದ ಎಳೆ ಮಾತ್ರ ಚಾಳೀಸು ಇಲ್ಲದೆಯೇ ಕಾಣೋಕೆ ಶುರುವಾಯಿತು. ಕನ್ನಡಕದ ಅಂಗಡಿಯಲ್ಲಿ ಮೈನಸ್ ಒಂದೂಕಾಲು ಅಂತ ಹೇಳಿ ಕನ್ನಡಕ ಕೊಟ್ಟರು. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಅದೇ ಕನ್ನಡಕ ಹಾಕಿದರೆ ತಲೆ ಸುತ್ತು. ಈಗ ಹತ್ತಿರದ್ದೂ ಹೋಯಿತು, ಹಳೇ ಚಾಳೀಸಲ್ಲೂ ಎಳೆ ಕಾಣಲ್ಲ. ಇನ್ನೊಂದು ಅಂಗಡಿಯಲ್ಲಿ ಪ್ಲಸ್ ಪಾಯಿಂಟ್ ಅಂದರು. ಅದನ್ನೂ ಮಾಡಿಸಿದೆ, ಎರಡು ವಾರಕ್ಕೆ ಅದೂ ಹೊಂದುತ್ತಿಲ್ಲ. ಕಣ್ಣಿನ ಡಾಕ್ಟರು ಲೈಟ್ ಹಾಕಿ ನೋಡಿ, ಪೊರೆ ಇಲ್ಲ, ಕಣ್ಣು ನಾರ್ಮಲ್ ಅಂದರು. ಅತ್ತೆ ದೃಷ್ಟಿ ತಗುಲಿದೆ ಅಂತಾರೆ, ಮಗ ಮೊಬೈಲ್ ಜಾಸ್ತಿ ನೋಡ್ತೀಯ ಅಂತಾನೆ. ನಡುವೆ ಒಂದು ದಿನ ಎಡಗಣ್ಣು ಐದು ನಿಮಿಷ ಪೂರ್ತಿ ಕತ್ತಲಾಗಿ ತಾನಾಗೇ ಸರಿಹೋಯಿತು, ಅದು ಸುಸ್ತಿಗೆ ಇರಬೇಕು. ಬಾಯಾರಿಕೆ, ತೂಕ ಇಳೀತು ಅಂತ ತೋರಿಸಿದಾಗ ಶುಗರ್ ಇದೆ ಅಂತ ಮಾತ್ರೆ ಶುರು ಮಾಡಿದ್ದಾರೆ. ಅದಕ್ಕೂ ಕಣ್ಣಿಗೂ ಸಂಬಂಧ ಇಲ್ಲ ಅಲ್ವಾ? ಹೆಸರು ಹಾಕಬೇಡಿ.

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಕನ್ನಡಕದ ಪಾಯಿಂಟ್ ಮೇಲೆ ಕೆಳಗೆ ಆಗುತ್ತಿರುವುದು ಒಂದು. ಎಡಗಣ್ಣು ಐದು ನಿಮಿಷ ಕತ್ತಲಾಗಿದ್ದು ಇನ್ನೊಂದು. ಮೊದಲನೆಯದಕ್ಕೆ ಪತ್ರದ ಮುಕ್ಕಾಲು ಭಾಗ ಕೊಟ್ಟು, ಎರಡನೆಯದನ್ನು ಒಂದೇ ಸಾಲಲ್ಲಿ ಸುಸ್ತಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದೀರಿ. ನನಗೆ ಯೋಚನೆ ಹತ್ತಿರುವುದು ಆ ಒಂದು ಸಾಲಿನದ್ದೇ. ಅದನ್ನು ಮೊದಲು ಮುಗಿಸೋಣ.

ಸುಸ್ತಿಗೆ ಒಂದೇ ಕಣ್ಣು ಕತ್ತಲಾಗುವುದಿಲ್ಲ. ಥಟ್ಟನೆ ಎದ್ದಾಗ ಬಿಪಿ ಇಳಿದರೆ, ಊಟ ಬಿಟ್ಟು ಕೆಲಸ ಮಾಡಿದರೆ, ಕಣ್ಣು ಮಂಜಾಗಬಹುದು ನಿಜ. ಆದರೆ ಆಗ ಎರಡೂ ಕಣ್ಣು ಒಟ್ಟಿಗೇ ಮಂಜಾಗುತ್ತವೆ. ನೋವಿಲ್ಲದೆ ಒಂದೇ ಕಣ್ಣು ಕತ್ತಲಾಗಿ, ಕೆಲವು ನಿಮಿಷಕ್ಕೆ ಬೆಳಕು ವಾಪಸ್ ಬಂದರೆ, ಆ ಕಣ್ಣಿನ ರಕ್ತ ಸಂಚಾರ ಸ್ವಲ್ಪ ಹೊತ್ತು ನಿಂತಿತ್ತಾ ಎಂದು ಮೊದಲು ಅನುಮಾನ ಪಡಬೇಕು. ಕುತ್ತಿಗೆಯ ಎರಡೂ ಪಕ್ಕದಲ್ಲಿ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಎಂಬ ದೊಡ್ಡ ನಾಳಗಳಿವೆ. ಕಣ್ಣಿಗೆ ಹೋಗುವ ನಾಳ ಅದರದ್ದೇ ಕವಲು. ಕೆರೋಟಿಡ್ ಒಳಗೆ ಕೊಬ್ಬು ಕಟ್ಟಿದ್ದರೆ ಅದರ ಚೂರೊಂದು ಕಿತ್ತು ಬಂದು ಕಣ್ಣಿನ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹೃದಯದ ಬಡಿತ ಏರುಪೇರಾಗಿದ್ದರೆ ಅಲ್ಲಿಂದಲೂ ಹೆಪ್ಪು ಬರಬಹುದು. ಚೂರು ಕರಗಿದರೆ ಅಥವಾ ಮುಂದೆ ಸರಿದರೆ ಕಣ್ಣು ಕಾಣುತ್ತದೆ, ನಾವೂ ಮರೆತುಬಿಡುತ್ತೇವೆ. ಆದರೆ ಮುಂದಿನ ಚೂರು ಕಣ್ಣಿಗೇ ಬರಬೇಕು ಅಂತೇನಿಲ್ಲ. ಮೆದುಳಿಗೆ ಹೋದರೆ ಲಕ್ವ. ಆ ಅಪಾಯ ಮೊದಲ ಕೆಲವು ದಿನಗಳಲ್ಲೇ ಎಲ್ಲಕ್ಕಿಂತ ಜಾಸ್ತಿ.

ನೀವು ಯಾವ ದಿನ ಅಂತ ಬರೆದಿಲ್ಲ. ಈ ವಾರದಲ್ಲೇ ಆಗಿದ್ದರೆ ಇದನ್ನು ಓದಿದ ಕೂಡಲೇ ಹೊರಡಿ. ತಿಂಗಳಾಗಿದ್ದರೂ ಬಿಡಬೇಡಿ, ನಾಳೆಯೇ ಹೋಗಿ. ಇದಕ್ಕೆ ಕಣ್ಣಿನ ಡಾಕ್ಟರ್ ಒಬ್ಬರೇ ಸಾಲದು, ಫಿಸಿಷಿಯನ್, ಅಂದರೆ ಜನರಲ್ ಮೆಡಿಸಿನ್ ಡಾಕ್ಟರ್ ನೋಡಬೇಕು. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆ ಆಗಬಹುದು, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ ಆಗಬಹುದು, ಯಾವುದಾದರೂ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಆಗಬಹುದು. ಬಿಪಿ, ಇಸಿಜಿ, ಶುಗರ್, ಕೊಲೆಸ್ಟ್ರಾಲ್, ಕುತ್ತಿಗೆಯ ನಾಳದ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ಬೇಕೆನಿಸಿದರೆ ಹೃದಯದ ಎಕೋ, ತಲೆಯ ಸ್ಕ್ಯಾನ್. ರಕ್ತ ತೆಳುವಾಗುವ ಮಾತ್ರೆ ಬೇಕೋ ಬೇಡವೋ ಅಂತ ಅವರು ಹೇಳಲಿ. ಯಾರೋ ಹೇಳಿದರು ಅಂತ ಮೆಡಿಕಲ್ ಶಾಪ್‌ನಿಂದ ಆಸ್ಪಿರಿನ್ ತಂದು ನೀವೇ ಶುರು ಮಾಡಬೇಡಿ.

ಡಾಕ್ಟರು ಒಂದು ಮಾತು ಕೇಳಿಯೇ ಕೇಳುತ್ತಾರೆ, ಈಗಲೇ ನೆನಪು ಮಾಡಿಕೊಳ್ಳಿ. ಕತ್ತಲಾದಾಗ ನೀವು ಬಲಗಣ್ಣು ಮುಚ್ಚಿ ನೋಡಿದಿರಾ? ಅಥವಾ ಎಡಗಡೆಯದು ಏನೂ ಕಾಣಲಿಲ್ಲವಾದ್ದರಿಂದ ಎಡಗಣ್ಣು ಅಂದುಕೊಂಡಿರಾ? ಎರಡೂ ಕಣ್ಣಿನಲ್ಲಿ ಎಡಭಾಗದ ನೋಟ ಹೋದರೂ ಜನ ‘ಎಡಗಣ್ಣು ಹೋಯ್ತು’ ಅಂತಲೇ ಹೇಳುತ್ತಾರೆ. ಹಾಗಿದ್ದರೆ ತೊಂದರೆ ಇರುವುದು ಕಣ್ಣಿನಲ್ಲಲ್ಲ, ತಲೆಯ ಹಿಂಭಾಗದಲ್ಲಿ. ಇನ್ನೊಂದು ವಿಷಯ: ಆಗ ಬೆವರು, ಕೈ ನಡುಕ, ವಿಪರೀತ ಹಸಿವು ಇತ್ತಾ? ಶುಗರ್ ಮಾತ್ರೆಗಳಲ್ಲಿ ಕೆಲವು, ಗ್ಲಿಮೆಪಿರೈಡ್ ಥರದವು, ಊಟ ತಡವಾದರೆ ಶುಗರನ್ನು ತೀರಾ ಕೆಳಗೆ ಇಳಿಸಿಬಿಡುತ್ತವೆ. ಆಗಲೂ ಕಣ್ಣು ಮಂಜಾಗುತ್ತದೆ, ಸಕ್ಕರೆ ನೀರು ಕುಡಿದರೆ ಹತ್ತು ಹದಿನೈದು ನಿಮಿಷಕ್ಕೆ ಸರಿಹೋಗುತ್ತದೆ. ಆದರೆ ಅದೂ ಎರಡು ಕಣ್ಣಿನ ಸಮಾಚಾರ.

ಮತ್ತೆ ಒಂದು ನಿಮಿಷ ಕತ್ತಲಾದರೂ ಅವತ್ತೇ, ಆ ಗಂಟೆಯಲ್ಲೇ ಆಸ್ಪತ್ರೆಗೆ. ಜೊತೆಗೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ 108ಕ್ಕೆ ಫೋನ್ ಮಾಡಿ.

ಇನ್ನು ಕನ್ನಡಕದ ವಿಷಯ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಕೊನೆಯಲ್ಲೇ ಇದೆ. ‘ಅದಕ್ಕೂ ಕಣ್ಣಿಗೂ ಸಂಬಂಧ ಇಲ್ಲ ಅಲ್ವಾ’ ಅಂದಿದ್ದೀರಲ್ಲ, ಇದೆ. ಬಹುತೇಕ ಪೂರ್ತಿ ಸಂಬಂಧವೇ ಅದು.

ಕಣ್ಣಿನ ಒಳಗೆ ಒಂದು ಲೆನ್ಸ್ ಇದೆ. ಅದರಲ್ಲಿರುವುದು ಹೆಚ್ಚಾಗಿ ನೀರು ಮತ್ತು ಪ್ರೋಟೀನ್. ರಕ್ತದಲ್ಲಿ ಸಕ್ಕರೆ ಏರಿದಾಗ ಲೆನ್ಸಿನ ಸುತ್ತಲಿನ ನೀರಿನಲ್ಲೂ ಸಕ್ಕರೆ ಏರುತ್ತದೆ. ಅದು ಲೆನ್ಸಿನ ಒಳಗೆ ಸೇರಿ ಸಾರ್ಬಿಟಾಲ್ ಎಂಬ ಬೇರೆ ವಸ್ತುವಾಗುತ್ತದೆ. ಒಳಗೆ ಬಂದದ್ದು ಸುಲಭವಾಗಿ ಹೊರಗೆ ಹೋಗುವುದಿಲ್ಲ, ಬದಲಿಗೆ ನೀರನ್ನು ಎಳೆದುಕೊಳ್ಳುತ್ತದೆ. ರಾತ್ರಿ ನೆನೆ ಹಾಕಿದ ಕಡಲೆಕಾಳಿನಂತೆ ಲೆನ್ಸ್ ಊದಿಕೊಂಡು ಅದರ ಪವರ್ ಬದಲಾಗುತ್ತದೆ. ಶುಗರ್ ಏರಿದ ಕಾಲದಲ್ಲಿ ಸಾಮಾನ್ಯವಾಗಿ ಮೈನಸ್ ಕಡೆಗೆ ವಾಲುತ್ತದೆ. ಅಂದರೆ ದೂರದ್ದು ಮಂಜು, ಹತ್ತಿರದ್ದು ಸಲೀಸು. ಯುಗಾದಿ ಹೊತ್ತಿಗೆ ನಿಮಗೆ ಆಗಿದ್ದು ಇದೇ. ಚಾಳೀಸು ಬಿಟ್ಟುಹೋಯಿತು ಅಂತ ಆಗ ಖುಷಿಪಟ್ಟಿರಬೇಕು ನೀವು. ಶುಗರ್ ಇನ್ನೂ ಪತ್ತೆಯಾಗಿರಲಿಲ್ಲ, ಅಷ್ಟೇ.

ಆಮೇಲೆ ಮಾತ್ರೆ ಶುರುವಾಯಿತು, ರಕ್ತದ ಸಕ್ಕರೆ ಬೇಗ ಇಳಿಯಿತು. ಆದರೆ ಲೆನ್ಸ್ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಈ ಹಂತದಲ್ಲಿ ಪವರ್ ಪ್ಲಸ್ ಕಡೆಗೆ ಹೋಗುವುದು, ಅಂದರೆ ಹತ್ತಿರದ್ದು ಮಂಜಾಗುವುದು, ತುಂಬಾ ಜನರಲ್ಲಿ ಕಾಣುವಂಥದ್ದು. ಮಾತ್ರೆ ಶುರುವಾದ ಕೆಲವೇ ದಿನಕ್ಕೆ ಆರಂಭವಾಗಿ, ಒಂದೆರಡು ವಾರಕ್ಕೆ ಜಾಸ್ತಿಯಾಗಿ, ಆಮೇಲೆ ನಿಧಾನಕ್ಕೆ ಹಳೇ ಜಾಗಕ್ಕೆ ಬರುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. 47ರ ವಯಸ್ಸಿಗೆ ಮೊದಲೇ ಚಾಳೀಸು ಬೇರೆ ಇದೆ. ಅದರ ಮೇಲೆ ಈ ಪ್ಲಸ್ ಸೇರಿದರೆ ಎಳೆ ಕಾಣುವ ಮಾತೇ ಇಲ್ಲ. ಎರಡನೇ ಅಂಗಡಿಯವರು ನಿಮ್ಮ ಪವರ್ ಅಳೆದಾಗ ಅದು ನಡುದಾರಿಯಲ್ಲಿತ್ತು. ಕನ್ನಡಕ ಕೈಗೆ ಬರುವಷ್ಟರಲ್ಲಿ ಪವರ್ ಇನ್ನೊಂದು ಕಡೆ ಸರಿದಿತ್ತು. ಇಬ್ಬರ ಲೆಕ್ಕವೂ ಆ ಆ ದಿನಕ್ಕೆ ಸರಿಯಾಗಿಯೇ ಇದ್ದಿರಬಹುದು. ‘ಶುಗರ್ ಇದೆಯಾ’ ಅಂತ ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಕಂಪ್ಯೂಟರ್ ಪರೀಕ್ಷೆ ಅಂತ ಬೋರ್ಡ್ ಹಾಕಿದ ಯಂತ್ರಕ್ಕೆ ಅದನ್ನು ಕೇಳಲು ಬರುವುದಿಲ್ಲ.

ಹಾಗಾಗಿ ಈಗ ಮೂರನೇ ಕನ್ನಡಕ ಮಾಡಿಸಬೇಡಿ. ದುಡ್ಡು ದಂಡ. ಶುಗರ್ ಒಂದು ಹದಕ್ಕೆ ಬಂದು ಕನಿಷ್ಠ ಆರು ವಾರ ಆಗಲಿ. ಆಮೇಲೆ ಎರಡು ವಾರದ ಅಂತರದಲ್ಲಿ ಎರಡು ಸಲ ಪವರ್ ತೆಗೆಸಿ, ಎರಡೂ ಸಲ ಒಂದೇ ಬಂದರೆ ಕನ್ನಡಕ ಮಾಡಿಸಿ. ಅಲ್ಲಿಯವರೆಗೆ ಕೆಲಸ ನಿಲ್ಲಿಸಲು ಆಗುವುದಿಲ್ಲ, ಗೊತ್ತು. ರೆಡಿಮೇಡ್ ಚಾಳೀಸು ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಬೇಸಿನ್ ಮುಂದೆ ಯಾವುದು ಸರಿಯಾಗಿ ಕಾಣುತ್ತದೋ ಅದನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳಿ. ಕಣ್ಣು ಕೆಡುತ್ತದೆ ಎಂಬ ಭಯ ಬೇಡ. ಪವರ್ ಹೊಂದದ ಕನ್ನಡಕದಿಂದ ದೊಡ್ಡವರಿಗೆ ತಲೆನೋವು ಬರುತ್ತದೆ, ಕಣ್ಣು ಹಾಳಾಗುವುದಿಲ್ಲ.

ಮುಖ್ಯವಾಗಿ, ‘ಮಾತ್ರೆ ತಗೊಂಡ ಮೇಲೇ ಹತ್ತಿರದ್ದು ಕಾಣಲ್ಲ’ ಅಂತ ಮಾತ್ರೆ ನಿಲ್ಲಿಸಬೇಡಿ. ನಮ್ಮ ಕಡೆ ಇದು ನಾನು ಪದೇ ಪದೇ ನೋಡುವ ಕತೆ. ಮಾತ್ರೆ ಬಿಡುತ್ತಾರೆ, ಶುಗರ್ ಏರುತ್ತದೆ, ಹತ್ತಿರದ್ದು ಮತ್ತೆ ಕಾಣುತ್ತದೆ. ‘ನೋಡಿ, ಮಾತ್ರೆಯದ್ದೇ ತೊಂದರೆ’ ಅಂತ ಮನೆಯವರೆಲ್ಲ ಒಪ್ಪಿಬಿಡುತ್ತಾರೆ. ಒಳಗೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಹಾಳಾಗುತ್ತಾ ಹೋಗುತ್ತದೆ. ಊಟದ ಬಗ್ಗೆಯೂ ಒಂದು ಮಾತು: ರಾಗಿ ಒಳ್ಳೆಯದು ಅಂತ ಎರಡೆರಡು ದೊಡ್ಡ ಮುದ್ದೆ ಉಣ್ಣುವ ಶುಗರ್‌ನವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಮುದ್ದೆಯೂ ಹಿಟ್ಟೇ. ಚಿಕ್ಕದೊಂದು ಸಾಕು, ಸೊಪ್ಪು, ಕಾಳಿನ ಸಾರು ಜಾಸ್ತಿ ಹಾಕಿಕೊಳ್ಳಿ.

ರೆಟಿನಾ ಅಂದೆನಲ್ಲ, ಅದು ಇನ್ನೂ ಬಾಕಿ ಇದೆ. ಡಾಕ್ಟರು ಕಣ್ಣು ನಾರ್ಮಲ್ ಅಂದರು ಅಂತ ಬರೆದಿದ್ದೀರಿ. ಅವತ್ತು ಕಣ್ಣಿಗೆ ಡ್ರಾಪ್ಸ್ ಹಾಕಿ, ಅರ್ಧ ಗಂಟೆ ಕೂರಿಸಿ, ಪಾಪೆ ಅಗಲವಾದ ಮೇಲೆ ನೋಡಿದರಾ? ಹಾಗೆ ನೋಡಿದ್ದರೆ ಮನೆಗೆ ಬರುವಾಗ ಬಿಸಿಲಿಗೆ ಕಣ್ಣು ಬಿಡಲು ಆಗಿರುವುದಿಲ್ಲ, ನಾಲ್ಕೈದು ಗಂಟೆ ಹತ್ತಿರದ್ದು ಮಂಜಾಗಿರುತ್ತದೆ. ನಿಮಗೆ ಅದು ನೆನಪಿಲ್ಲದಿದ್ದರೆ ಡ್ರಾಪ್ಸ್ ಹಾಕಿಲ್ಲ ಅಂತಲೇ ಲೆಕ್ಕ. ಸುಮ್ನೆ ಲೈಟ್ ಹಾಕಿ ನೋಡಿದರೆ ಪೊರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ರೆಟಿನಾದ ಅಂಚು ಕಾಣುವುದಿಲ್ಲ. ದೊಡ್ಡವರಿಗೆ ಬರುವ ಶುಗರ್ ಪತ್ತೆಯಾಗುವ ಮೊದಲೇ ಎಷ್ಟೋ ವರ್ಷ ಸದ್ದಿಲ್ಲದೆ ಇದ್ದಿರಬಹುದು. ಅದಕ್ಕೇ ಶುಗರ್ ಅಂತ ಗೊತ್ತಾದ ಕೂಡಲೇ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ, ಡ್ರಾಪ್ಸ್ ಹಾಕಿಸಿ ರೆಟಿನಾ ನೋಡಿಸಲೇಬೇಕು. ಕಣ್ಣು ಚೆನ್ನಾಗಿ ಕಂಡರೂ ಸರಿ. ರೆಟಿನಾದ ಶುಗರ್ ಕಾಯಿಲೆ ತುಂಬಾ ಮುಂದುವರಿಯುವವರೆಗೆ ನೋಟಕ್ಕೆ ಗೊತ್ತಾಗುವುದೇ ಇಲ್ಲ. ರೆಟಿನಾದ ನಡುಭಾಗದಲ್ಲಿ ನೀರು ತುಂಬಿದ್ದರೆ ಅದೂ ಮಂಜಿಗೆ ಕಾರಣ. ಅದಕ್ಕೆ ಓಸಿಟಿ ಅಂತ ಒಂದು ಸ್ಕ್ಯಾನ್ ಇದೆ, ಸೂಜಿ ಗೀಜಿ ಇಲ್ಲ, ಗದ್ದ ಇಟ್ಟು ಒಂದು ಕ್ಷಣ ಬೆಳಕು ನೋಡಿದರೆ ಮುಗಿಯಿತು.

ಡ್ರಾಪ್ಸ್ ಹಾಕಿಸಲು ಹೋಗುವ ದಿನ ಮಗನನ್ನು ಕರೆದುಕೊಂಡು ಹೋಗಿ, ಸ್ಕೂಟರ್ ಓಡಿಸಬೇಡಿ. ಎರಡೂ ಹೊಸ ಕನ್ನಡಕ, ಹಳೇ ಚಾಳೀಸು, ಶುಗರ್ ರಿಪೋರ್ಟ್, ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ. ಒಂದು ಚೀಟಿಯಲ್ಲಿ ತಾರೀಕು ಬರೆದುಕೊಳ್ಳಿ: ಯಾವತ್ತು ದೂರದ್ದು ಮಂಜಾಯಿತು, ಯಾವತ್ತು ಮಾತ್ರೆ ಶುರು, ಯಾವತ್ತು ಹತ್ತಿರದ್ದು ಹೋಯಿತು, ಎಡಗಣ್ಣು ಕತ್ತಲಾಗಿದ್ದು ಯಾವತ್ತು, ಎಷ್ಟು ಹೊತ್ತು. ಒಪಿಡಿಯಲ್ಲಿ ಜನ ಜಾಸ್ತಿ, ಡಾಕ್ಟರಿಗೆ ಸಿಗುವುದು ಐದು ನಿಮಿಷ. ನಿಮ್ಮ ಆ ಚೀಟಿ ಯಂತ್ರಕ್ಕಿಂತ ಜಾಸ್ತಿ ಹೇಳುತ್ತದೆ.

ನಿಮ್ಮ ಥರದ ಪತ್ರಗಳು ಬೇರೆಯವರಿಂದಲೂ ಬಂದಿವೆ. ಎಲ್ಲರದ್ದೂ ಒಂದೇ ದೂರು: ಇದ್ದಕ್ಕಿದ್ದಂತೆ ಕಣ್ಣು ಬದಲಾಯಿತು, ಯಾಕೆ ಅಂತ ಯಾರೂ ಹೇಳುತ್ತಿಲ್ಲ. ಕಾರಣ ಎಲ್ಲರಿಗೂ ಒಂದೇ ಅಲ್ಲ. ಅದಕ್ಕೆ ಉಳಿದ ಓದುಗರಿಗೂ ಸೇರಿಸಿ ಸ್ವಲ್ಪ ಹೇಳುತ್ತೇನೆ. ಮೊದಲು ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ.

ಒಂದೊಂದೇ ಕಣ್ಣು ಮುಚ್ಚಿ ನೋಡುವುದು ಮೊದಲನೆಯದು. ಗೋಡೆಯ ಕ್ಯಾಲೆಂಡರ್ ಮುಂದೆ ದಿನಾ ಒಂದೇ ಜಾಗದಲ್ಲಿ ನಿಂತು, ಅಂಗೈಯಿಂದ ಒಂದು ಕಣ್ಣು ಮುಚ್ಚಿ ಓದಿ, ಆಮೇಲೆ ಇನ್ನೊಂದು. ಬೆರಳು ಒತ್ತಬಾರದು. ಒಂದು ಕಣ್ಣು ಎಷ್ಟೋ ತಿಂಗಳಿಂದ ಮಂಕಾಗಿದ್ದು, ಚೆನ್ನಾಗಿರುವ ಕಣ್ಣಿಗೆ ಧೂಳು ಬಿದ್ದ ದಿನ ‘ಇವತ್ತು ಇದ್ದಕ್ಕಿದ್ದಂತೆ ಹೋಯ್ತು’ ಅಂತ ಓಡಿ ಬರುವವರಿದ್ದಾರೆ. ಮನೆಯಲ್ಲಿ ಎಂಟನೇ ಒಂಬತ್ತನೇ ಕ್ಲಾಸಿನ ಮಕ್ಕಳಿದ್ದರೆ ಗ್ರಾಫ್ ಹಾಳೆ ಇರುತ್ತದೆ. ಅದರ ನಡುವೆ ಒಂದು ಚುಕ್ಕೆ ಇಟ್ಟು, ಚಾಳೀಸು ಹಾಕಿ, ಒಂದೊಂದೇ ಕಣ್ಣಲ್ಲಿ ಆ ಚುಕ್ಕೆಯನ್ನೇ ನೋಡಿ. ಗೆರೆಗಳು ಡೊಂಕಾಗಿ ಕಂಡರೆ, ನಡುವೆ ಬೂದು ಕಲೆ ಕಂಡರೆ, ತೊಂದರೆ ರೆಟಿನಾದ ನಡುಭಾಗದ್ದು.

ಎರಡನೆಯದು ಪಿನ್ನಿನ ಪರೀಕ್ಷೆ. ದಪ್ಪ ಲಗ್ನಪತ್ರಿಕೆ ಯಾವ ಮನೆಯಲ್ಲೂ ಒಂದಾದರೂ ಬಿದ್ದಿರುತ್ತದೆ. ಅದಕ್ಕೆ ಪಿನ್ನಿನಿಂದ ಒಂದು ಮಿಲಿಮೀಟರಿನಷ್ಟು ತೂತು ಮಾಡಿ. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ತೂತನ್ನು ಇನ್ನೊಂದು ಕಣ್ಣಿಗೆ ತೀರಾ ಹತ್ತಿರ ಹಿಡಿದು ಕ್ಯಾಲೆಂಡರ್ ನೋಡಿ. ಮಂಜಾಗಿದ್ದ ಅಕ್ಷರ ತೂತಿನಲ್ಲಿ ಚೆನ್ನಾಗಿ ಕಂಡರೆ ತೊಂದರೆ ಬಹುಮಟ್ಟಿಗೆ ಪವರಿನದ್ದು. ತೂತಿನಲ್ಲೂ ಮಂಜಾಗಿಯೇ ಇದ್ದರೆ ಪೊರೆಯೋ ರೆಟಿನಾವೋ ನರವೋ ಬೇರೇನೋ ಇದೆ, ಕನ್ನಡಕದ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ಸಣ್ಣ ತೂತಿನಲ್ಲಿ ನೇರ ಕಿರಣ ಮಾತ್ರ ಒಳಗೆ ಬರುವುದರಿಂದ ಲೆನ್ಸಿನ ತಪ್ಪು ಮರೆಯಾಗುತ್ತದೆ, ಅಷ್ಟೇ ಇದರ ಗುಟ್ಟು. ಆಸ್ಪತ್ರೆಯಲ್ಲಿ ನಾವು ಮಾಡುವುದೂ ಇದನ್ನೇ, ಕಪ್ಪು ಪ್ಲಾಸ್ಟಿಕ್ಕಿನ ತೂತು ಇಟ್ಟುಕೊಂಡು.

ಈ ಪರೀಕ್ಷೆಗಳಿಗೆ ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ಒಂದು ಕಣ್ಣು ನೋವಿಲ್ಲದೆ ಪೂರ್ತಿ ಹೋಗಿ ವಾಪಸ್ ಬರದಿದ್ದರೆ ಅದು ಕಣ್ಣಿನ ಲಕ್ವ. ಕೆಲವೇ ಗಂಟೆಗಳಲ್ಲಿ ರೆಟಿನಾ ಸಾಯುತ್ತದೆ. ಬೆಳಿಗ್ಗೆ ನೋಡೋಣ ಅಂತ ಮಲಗಿದರೆ ಕೆಲಸ ಕೆಟ್ಟಿತು. ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದಂತಾಗಿ, ಮಸಿ ಉದುರಿದಂತೆ ಕಪ್ಪು ಚುಕ್ಕೆಗಳು ಏಕಾಏಕಿ ಜಾಸ್ತಿಯಾಗಿ, ಒಂದು ಕಡೆಯಿಂದ ಪರದೆ ಸರಿದು ಬಂದರೆ ರೆಟಿನಾ ಕಿತ್ತುಬರುತ್ತಿದೆ ಅಂತ ಅರ್ಥ. ಜಾಸ್ತಿ ಮೈನಸ್ ಪವರ್ ಇರುವವರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಇದರ ಅಪಾಯ ಜಾಸ್ತಿ. ನಡುಭಾಗ ಕಿತ್ತುಬರುವ ಮೊದಲೇ ಆಪರೇಷನ್ ಆದರೆ ನೋಟ ಉಳಿಯುತ್ತದೆ. ಶುಗರ್ ಹಳೆಯದಾಗಿದ್ದವರಿಗೆ ಕಣ್ಣೊಳಗೆ ರಕ್ತ ಸೋರಿ ಜೇಡರ ಬಲೆ ತೇಲಿದ ಹಾಗೆ ಕಾಣುವುದುಂಟು, ಅದಕ್ಕೂ ತಡ ಮಾಡುವಂತಿಲ್ಲ.

ನಮ್ಮ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪುವುದು ಮಾತ್ರ ಇನ್ನೊಂದು. ಅರವತ್ತರ ಅಜ್ಜಿಗೆ ಸಂಜೆ ಹೊತ್ತು ಒಂದು ಕಡೆ ತಲೆನೋವು, ಕಣ್ಣು ಕೆಂಪು, ದೀಪದ ಸುತ್ತ ಬಣ್ಣದ ಬಳೆ, ಜೊತೆಗೆ ವಾಂತಿ. ಮನೆಯವರ ಕಣ್ಣಿಗೆ ಬೀಳುವುದು ವಾಂತಿ ಒಂದೇ. ಪಿತ್ತ ಅಂತ ಜೀರಿಗೆ ಕಷಾಯ ಕೊಡುತ್ತಾರೆ, ಗ್ಯಾಸ್ ಅಂತ ಇಂಜೆಕ್ಷನ್ ಹಾಕಿಸುತ್ತಾರೆ. ನಿಜವಾಗಿ ಏರಿರುವುದು ಕಣ್ಣಿನ ಒತ್ತಡ. ಸಾಮಾನ್ಯವಾಗಿ 10ರಿಂದ 21 ಇರಬೇಕಾದದ್ದು 40, 50 ದಾಟಿರುತ್ತದೆ. ಇದು ಗ್ಲಾಕೋಮಾದ ಒಂದು ಬಗೆ. ಒತ್ತಡ ಇಳಿಸದೆ ಒಂದೆರಡು ದಿನ ಕಳೆದರೆ ನರಕ್ಕೆ ಆದ ಏಟು ವಾಪಸ್ ಬರುವುದಿಲ್ಲ. ತಲೆನೋವು ಮತ್ತು ವಾಂತಿ ಇದ್ದಾಗ ಕಣ್ಣು ಕೆಂಪಾಗಿದೆಯಾ ಅಂತ ಒಂದು ಸಲ ನೋಡಿ. ಅಷ್ಟು ನೋಡಿದರೆ ಒಂದು ಕಣ್ಣು ಉಳಿಯುತ್ತದೆ.

ಹುಡುಗಿಯರಿಗೆ, ಇಪ್ಪತ್ತು ಮೂವತ್ತರ ಹೆಂಗಸರಿಗೆ, ಕಣ್ಣು ತಿರುಗಿಸಿದರೆ ನೋವಾಗಿ ಒಂದು ಕಣ್ಣು ಎರಡು ಮೂರು ದಿನದಲ್ಲಿ ಮಂಕಾಗುತ್ತಾ ಬಂದರೆ ಕಣ್ಣಿನ ನರದ ಉರಿಯೂತ ಇರಬಹುದು. ಕುಂಕುಮದ ಡಬ್ಬಿ ಎದುರಿಗಿಟ್ಟು ಒಂದೊಂದೇ ಕಣ್ಣಲ್ಲಿ ನೋಡಿ. ಒಂದು ಕಣ್ಣಿಗೆ ಕೆಂಪು ಮಾಸಿದಂತೆ ಕಂಡರೆ ಅದು ನರದ ಸುಳಿವು. ಬಸುರಿಯರಿಗೆ ಕಣ್ಣು ಮಂಜಾಗಿ ಮಿಣುಕು ಕಂಡು ತಲೆ ಸಿಡಿಯುತ್ತಿದ್ದರೆ ಮೊದಲು ಬಿಪಿ ನೋಡಿಸಿ, ಅವತ್ತೇ. ಮೂವತ್ತರಿಂದ ಐವತ್ತರ ಗಂಡಸರಲ್ಲಿ ನೋಟದ ನಡುವೆ ಒಂದು ಬೂದು ಕಲೆ ಬಂದು ವಸ್ತು ಚಿಕ್ಕದಾಗಿ ಕಾಣುವ ಕಾಯಿಲೆ ಇದೆ, ರೆಟಿನಾ ಕೆಳಗೆ ನೀರು ಸೇರುವುದು. ಟೊಮೆಟೊ ಸೀಸನ್ನಿನಲ್ಲಿ ನಿದ್ದೆಗೆಟ್ಟು ಮಾರುಕಟ್ಟೆಯಲ್ಲಿ ನಿಲ್ಲುವವರು ಇದನ್ನು ಹೊತ್ತು ಬರುತ್ತಾರೆ. ಬಹಳ ಜನರಿಗೆ ಮೂರ್ನಾಲ್ಕು ತಿಂಗಳಲ್ಲಿ ತಾನಾಗೇ ಇಳಿಯುತ್ತದೆ. ಆದರೆ ಸ್ಟಿರಾಯ್ಡ್ ತಗೊಳ್ಳುತ್ತಿದ್ದರೆ ಇಳಿಯುವುದಿಲ್ಲ. ಸ್ಟಿರಾಯ್ಡ್ ಅಂದರೆ ಮಾತ್ರೆ ಒಂದೇ ಅಲ್ಲ. ಮುಖ ಬೆಳ್ಳಗಾಗಲಿ ಅಂತ ಹಚ್ಚುವ ಕೆಲವು ಕ್ರೀಮಿನಲ್ಲೂ, ಮಂಡಿ ನೋವಿಗೆ ಹಾಕಿಸುವ ಇಂಜೆಕ್ಷನ್ನಲ್ಲೂ ಅದು ಇರುತ್ತದೆ.

ಮಾತ್ರೆಗಳ ಮಾತು ಬಂತಲ್ಲ. ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಕೆಲವರ ಕಣ್ಣಿನ ನರಕ್ಕೆ ಏಟು ಕೊಡುತ್ತದೆ, ಎರಡೂ ಕಣ್ಣು ನಿಧಾನಕ್ಕೆ ಮಂಕಾಗಿ ಕೆಂಪು ಹಸಿರು ಗುರುತು ಸಿಗುವುದಿಲ್ಲ. ಟಿಬಿ ಮಾತ್ರೆ ನೀವೇ ನಿಲ್ಲಿಸಬೇಡಿ, ಆದರೆ ಕೊಟ್ಟವರಿಗೆ ಆ ದಿನವೇ ತಿಳಿಸಿ. ಮೈಗ್ರೇನ್‌ಗೆ, ಫಿಟ್ಸ್‌ಗೆ ಕೊಡುವ ಟೋಪಿರಮೇಟ್ ಶುರು ಮಾಡಿದ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂತೆ ಮೈನಸ್ ಪವರ್ ಬಂದು ಕಣ್ಣು ನೋಯುವುದುಂಟು. ಅದಕ್ಕೂ ಕನ್ನಡಕ ಮಾಡಿಸಿಕೊಂಡವರಿದ್ದಾರೆ! ಕಳ್ಳಬಟ್ಟಿ ಕುಡಿದ ಮರುದಿನ ಎರಡೂ ಕಣ್ಣು ಬೆಳ್ಳಗೆ ಮಂಜಾದರೆ ಅದು ಮೆಥನಾಲ್ ವಿಷ. ಕಣ್ಣಿಗಿಂತ ಮೊದಲು ಪ್ರಾಣದ ಪ್ರಶ್ನೆ.

ಅಷ್ಟೇನೂ ಹೆದರಬೇಕಿಲ್ಲದವೂ ಇವೆ. ಅಂಕುಡೊಂಕು ಹೊಳೆಯುವ ಗೆರೆ ಎರಡೂ ಕಣ್ಣಲ್ಲಿ ಕಂಡು, ಇಪ್ಪತ್ತು ಮೂವತ್ತು ನಿಮಿಷ ಹರಡಿ, ಮಾಯವಾಗಿ, ಆಮೇಲೆ ತಲೆನೋವು ಬಂದರೂ ಬಾರದಿದ್ದರೂ, ಸಾಮಾನ್ಯವಾಗಿ ಮೈಗ್ರೇನ್. ಐವತ್ತು ದಾಟಿದ ಮೇಲೆ ಮೊದಲ ಸಲ ಬಂದರೆ ಮಾತ್ರ ತೋರಿಸಿ. ವಯಸ್ಸಾದವರಿಗೆ ಚಾಳೀಸು ಇಲ್ಲದೆಯೇ ಪೇಪರ್ ಓದಲು ಬಂದರೆ ಕಣ್ಣು ಎಳೆಯದಾಯಿತು ಅಂತಲ್ಲ, ಪೊರೆ ಗಟ್ಟಿಯಾಗುತ್ತಿರಬಹುದು, ಇಲ್ಲವೇ ನಿಮ್ಮ ಹಾಗೆ ಶುಗರ್ ಇರಬಹುದು.

ರೆಪ್ಪೆ ಬಡಿದರೆ ತಿಳಿಯಾಗುವ ಮಂಜು ಕಣ್ಣಿನ ಒಣತನದ್ದು. ಇದು ನಿಮಗೂ ಸ್ವಲ್ಪ ಇರಬಹುದು ಅಂತ ನನ್ನ ಅನುಮಾನ. ಬೇಸಿನ್ನಿನ ಆವಿ, ಒಲೆಯ ಹೊಗೆ, ಎಳೆಯ ಮೇಲೇ ನಟ್ಟ ನೋಟ. ಎಳೆ ಕಡಿದು ಹೊಸ ಗೂಡಿನ ಎಳೆ ಸೇರಿಸುವ ಆ ಗಳಿಗೆಯಲ್ಲಿ ಯಾರೂ ರೆಪ್ಪೆ ಬಡಿಯುವುದಿಲ್ಲ. ಹೊಗೆ ಹೊರಗೆ ಹೋಗುವಂತೆ ಕಿಟಕಿ ತೆಗೆದಿಡಿ, ಆಗಾಗ ತಲೆ ಎತ್ತಿ ದೂರ ನೋಡಿ ಹತ್ತು ಸಲ ರೆಪ್ಪೆ ಬಡಿಯಿರಿ. ಮಗ ಹೇಳಿದ ಮೊಬೈಲಿಗೆ ಇಷ್ಟು ಪಾಲು ಸಲ್ಲುತ್ತದೆ: ಅದೂ ರೆಪ್ಪೆ ಬಡಿಯಲು ಬಿಡುವುದಿಲ್ಲ. ಪಾಯಿಂಟ್ ಮೈನಸ್ಸಿನಿಂದ ಪ್ಲಸ್ಸಿಗೆ ಹೋಗಿದ್ದು ಮೊಬೈಲಿನಿಂದಲ್ಲ.

ಅತ್ತೆಯವರು ದೃಷ್ಟಿ ತೆಗೆಯಲಿ, ಅದರಿಂದ ಕಣ್ಣಿಗೆ ತೊಂದರೆ ಇಲ್ಲ. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡರೂ ತಂಪು, ಅಷ್ಟೇ. ಆದರೆ ಹೂವಿನ ರಸ, ಸೊಪ್ಪಿನ ರಸ, ಹರಳೆಣ್ಣೆ, ಎದೆಹಾಲು ಯಾವುದನ್ನೂ ಕಣ್ಣಿನ ಒಳಗೆ ಬಿಡಬೇಡಿ. ಕಪ್ಪುಗುಡ್ಡೆಯಲ್ಲಿ ಹುಣ್ಣಾಗಿ ಬಿಳಿ ಕಲೆ ಉಳಿದುಬಿಡುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಡ್ರಾಪ್ಸ್ ಕೂಡ ಬೇಡ. ಉರಿ ಬೇಗ ಕಡಿಮೆ ಮಾಡುವ ಡ್ರಾಪ್ಸ್‌ನಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಒತ್ತಡ ಏರಿ ಪೊರೆಯೂ ಬರುತ್ತದೆ.

ಎಲ್ಲಿ ತೋರಿಸುವುದು ಅಂತ ಕೆಲವರು ಕೇಳಿದ್ದಾರೆ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಅನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೋಡುತ್ತಾರೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಮೇಲೆ ಬಂದರೆ ಶುಗರ್ ಅಂತ ಲೆಕ್ಕ. ಕಣ್ಣಿನ ಮಟ್ಟಿಗೆ ಕೋಲಾರದ ಎಸ್‌ಎನ್‌ಆರ್, ಅಲ್ಲೇ ಟಮಕದ ಮೆಡಿಕಲ್ ಕಾಲೇಜು, ತುಮಕೂರಿನ ಜಿಲ್ಲಾ ಆಸ್ಪತ್ರೆ ಹತ್ತಿರದವು. ರೆಟಿನಾ, ನರದ ತೊಂದರೆ ಅಂತ ಮುಂದಕ್ಕೆ ಕಳಿಸಿದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆ ಇದೆ, ಸರ್ಕಾರದ್ದೇ. ‘ಎಲ್ಲಾ ನಾರ್ಮಲ್’ ಅಂದರೂ ನೋಟ ಸರಿಯಿಲ್ಲ ಅನಿಸಿದರೆ ಜಗಳ ಬೇಡ, ಇಷ್ಟು ಕೇಳಿ: ಕನ್ನಡಕ ಹಾಕಿಸಿ ನೋಡಿದಾಗ ಕೊನೆಯ ಸಾಲಿನವರೆಗೆ ಓದಿದೆನಾ, ಒತ್ತಡ ಎಷ್ಟಿತ್ತು, ಡ್ರಾಪ್ಸ್ ಹಾಕಿ ರೆಟಿನಾ ನೋಡಿದಿರಾ, ಪಾಪೆಗೆ ಟಾರ್ಚ್ ಬಿಟ್ಟು ನರ ನೋಡಿದಿರಾ. ನಾಲ್ಕಕ್ಕೂ ಉತ್ತರ ಸಿಕ್ಕರೆ ನಾರ್ಮಲ್ ಅನ್ನುವ ಮಾತಿಗೆ ತೂಕ ಬರುತ್ತದೆ. ಸಿಗದಿದ್ದರೆ ಪರೀಕ್ಷೆ ಇನ್ನೂ ಮುಗಿದಿಲ್ಲ.

ಕೊನೆಯದಾಗಿ ಅಮ್ಮಾ, ಪವರ್ ಒಂದು ಕಡೆ ನಿಂತ ಮೇಲೆ ಕನ್ನಡಕ ಮಾಡಿಸುವಾಗ ಒಂದು ಕೆಲಸ ಮಾಡಿ. ಬೇಸಿನ್ ಮುಂದೆ ದಿನಾ ಕೂರುವ ಹಾಗೆಯೇ ಕೂತು, ಕಣ್ಣಿನಿಂದ ಎಳೆ ಸೇರಿಸುವ ಜಾಗದವರೆಗೆ ದಾರ ಹಿಡಿದು ಅಳೆದು, ಆ ದಾರವನ್ನು ಪವರ್ ತೆಗೆಯುವವರಿಗೆ ತೋರಿಸಿ. ಚಾಳೀಸಿನ ಪವರನ್ನು ಸಾಮಾನ್ಯವಾಗಿ ಪುಸ್ತಕ ಹಿಡಿಯುವ ದೂರಕ್ಕೆ ಕೊಡುತ್ತಾರೆ, 35ರಿಂದ 40 ಸೆಂಟಿಮೀಟರ್. ನಿಮ್ಮ ಕೈ ಕೆಲಸ ಅದಕ್ಕಿಂತ ದೂರದಲ್ಲಿ ಇದ್ದರೆ ಸರಿಯಾದ ಪುಸ್ತಕದ ಚಾಳೀಸೂ ಬೇಸಿನ್ ಮುಂದೆ ಮಂಜೇ. ಪವರ್ ಅರ್ಧ ಪಾಯಿಂಟ್ ಕಡಿಮೆ ಬೇಕಾಗಬಹುದು. ಆದರೆ ಅದು ಆಮೇಲಿನ ಮಾತು. ಮೊದಲು ಆ ಎಡಗಣ್ಣಿನ ಐದು ನಿಮಿಷವನ್ನು ಫಿಸಿಷಿಯನ್‌ಗೆ ಹೇಳಿ ಬನ್ನಿ.